ಪದೇಪದೇ ಮುಚ್ಚಿಹೋಗುತ್ತಿದ್ದ ಡಿಜಿಕ್ಯಾಮ್ ಮತ್ತು ನನ್ನ ಶಾಸನದ ಫೋಟೋಗಳು

ಫೋಟೋಗಳಿಗೆ ಗುರುತು ಹಚ್ಚಿ ಜೋಡಿಸಿಡುವ ಪ್ರೋಗ್ರಾಂ ಡಿಜಿಕ್ಯಾಮ್. ಅದು ತೆರೆಯುತ್ತಿತ್ತು. ಕೆಳಗಿನ ಮೂಲೆಯಲ್ಲಿ ಹೊಸ ಚಿತ್ರಗಳನ್ನು ಹುಡುಕುವ ಪಟ್ಟಿ ಮೆಲ್ಲಗೆ ತುಂಬುತ್ತಾ ಹೋಗುತ್ತಿತ್ತು. ಮುಕ್ಕಾಲು ಭಾಗ ತುಂಬಿತು ಎನ್ನುವಷ್ಟರಲ್ಲಿ ಇಡೀ ಕಿಟಕಿಯೇ ಮಾಯ. ಒಂದು ಸಂದೇಶವಿಲ್ಲ, ಎಚ್ಚರಿಕೆಯಿಲ್ಲ. ಮತ್ತೆ ತೆರೆದರೆ ಮತ್ತೆ ಅದೇ. ಆಗಸ್ಟಿನ ಒಂದು ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಹೀಗೆ ಒಂಬತ್ತು ಸಲ ಆಯಿತು.

ನಾನು ಪ್ರೌಢಶಾಲೆಯ ಮೇಷ್ಟ್ರು. ರಜೆ ಸಿಕ್ಕಿದಾಗಲೆಲ್ಲ ಸೊರಬ, ಶಿಕಾರಿಪುರದ ಹಳ್ಳಿಗಳಲ್ಲಿ ವೀರಗಲ್ಲು ಮತ್ತು ಶಾಸನಗಳ ಫೋಟೋ ತೆಗೆಯುವುದು ಹನ್ನೊಂದು ವರ್ಷಗಳಿಂದ ನಡೆದುಬಂದಿದೆ. ಒಟ್ಟು ನಲವತ್ತೊಂದು ಸಾವಿರ ಚಿತ್ರಗಳಿವೆ. ಫೋಟೋ ತೆಗೆಯುವುದು ಸುಲಭದ ಭಾಗ. ಕಷ್ಟವಿರುವುದು ಪ್ರತಿ ಚಿತ್ರಕ್ಕೂ ಗುರುತು ಹಚ್ಚುವುದರಲ್ಲಿ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಗ್ರಂಥಮಾಲೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಎರಡು ಸಂಪುಟಗಳನ್ನು ಮೀಸಲಿಟ್ಟರು. 1902ರ ಏಳನೆಯ ಸಂಪುಟದಲ್ಲಿ ಶಿಕಾರಿಪುರ ಇದೆ, 1904ರ ಎಂಟನೆಯದರಲ್ಲಿ ಸೊರಬ ಇದೆ. ತಾಲ್ಲೂಕಿನ ಹೆಸರು, ಅದರ ಪಕ್ಕ ಒಂದು ಸಂಖ್ಯೆ: ಇಂದಿಗೂ ಶಾಸನಗಳನ್ನು ಹಾಗೆಯೇ ಕರೆಯುತ್ತಾರೆ. ನನ್ನ ಟ್ಯಾಗುಗಳೂ ಹಾಗೆಯೇ ಇವೆ. ಯಾವ ಕಲ್ಲು, ಯಾವ ಊರಿನ ಯಾವ ಬೇಣದಲ್ಲಿದೆ (ಹುಲ್ಲುಗಾವಲಿನಲ್ಲಿದೆ), ಕೆತ್ತನೆಯ ಎಷ್ಟು ಪಟ್ಟಿಕೆಗಳಿವೆ, ತುರುಗೋಳಿನ (ದನ ಹಿಡಿದೊಯ್ದಾಗಿನ) ಕಾಳಗವೋ ಊರಳಿವಿನದೋ (ಊರ ಮೇಲಿನ ದಾಳಿಯದೋ), ಎಲ್ಲವನ್ನೂ ಒಂದೊಂದಾಗಿ ಕುಳಿತು ಬರೆದದ್ದು. ಪಾಚಿ ಹಿಡಿದ ಎರಡು ವೀರಗಲ್ಲುಗಳ ಫೋಟೋಗಳನ್ನು ಗುರುತಿಲ್ಲದೆ ಪಕ್ಕಪಕ್ಕ ಇಟ್ಟರೆ, ಐದು ವರ್ಷದ ನಂತರ ಯಾವುದು ಯಾವ ಊರಿನದೆಂದು ನನಗೇ ತಿಳಿಯುವುದಿಲ್ಲ.

ಆ ಗುರುತುಗಳೆಲ್ಲ ಫೋಟೋಗಳ ಒಳಗಿರಲಿಲ್ಲ, ಡಿಜಿಕ್ಯಾಮ್‌ನ ಡೇಟಾಬೇಸಿನಲ್ಲಿದ್ದವು. ಹಾಗಾಗಿ ಕಿಟಕಿ ಮಾಯವಾದಾಗ ನನಗೆ ಪ್ರೋಗ್ರಾಮಿನ ಚಿಂತೆಯಾಗಲಿಲ್ಲ. ಅದು ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ, ನಾಳೆ ಮತ್ತೆ ತರಬಹುದು. ಹೊಟ್ಟೆಯಲ್ಲಿ ಸಂಕಟವಾದದ್ದು ಹನ್ನೊಂದು ವರ್ಷದ ಬರಹದ ವಿಚಾರಕ್ಕೆ.

ಕಂಪ್ಯೂಟರ್ ಕೆಲಸ ಬಲ್ಲ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿದೆ.

“ಸರ್, ಪ್ರೋಗ್ರಾಂ ತೆಗೆದು ಮತ್ತೆ ಹಾಕಿಬಿಡಿ. ಹೋಗದಿದ್ದರೆ ಸೆಟ್ಟಿಂಗ್ಸ್ ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಿ.”

“ಹೊಸದಾಗಿ ಶುರು ಮಾಡಿದರೆ ನನ್ನ ಟ್ಯಾಗುಗಳು ಎಲ್ಲಿರುತ್ತವಪ್ಪಾ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮೊದಲು ಎಲ್ಲವನ್ನೂ ನಕಲು ಮಾಡಿಟ್ಟುಕೊಳ್ಳಿ ಸರ್, ಆಮೇಲೆ ಕೈ ಹಚ್ಚಿ” ಎಂದ. ಅಂದು ನನಗೆ ಸಿಕ್ಕ ಅತ್ಯಂತ ಒಳ್ಳೆಯ ಮಾತು ಅದು. ತೆಗೆದು ಮತ್ತೆ ಹಾಕುವ ಉಪಾಯವನ್ನು ನಾನು ಪ್ರಯತ್ನಿಸಲೇ ಇಲ್ಲ. ಪ್ರೋಗ್ರಾಮನ್ನು ಹೊಸದಾಗಿ ಹಾಕಿದರೂ ಅದು ಹಳೆಯ ಡೇಟಾಬೇಸನ್ನೂ ಹಳೆಯ ಫೋಟೋಗಳನ್ನೂ ತಾನೇ ಓದಬೇಕು? ತೊಂದರೆ ಅಲ್ಲಿದ್ದರೆ ಮತ್ತೆ ಅಲ್ಲಿಯೇ ಬೀಳುತ್ತದೆ.

ಡೇಟಾಬೇಸಿನ ಫೋಲ್ಡರಿನಲ್ಲಿ ನಾಲ್ಕು ಫೈಲುಗಳಿದ್ದವು. ಟ್ಯಾಗು ಮತ್ತು ಟಿಪ್ಪಣಿಗಳದ್ದು ಒಂದು. ಕಿರುಚಿತ್ರಗಳದ್ದು, ಮುಖ ಗುರುತಿಸುವುದರದ್ದು, ಹೋಲುವ ಚಿತ್ರಗಳನ್ನು ಹುಡುಕುವುದರದ್ದು ಉಳಿದ ಮೂರು. ಉಳಿದ ಮೂರು ಹೋದರೂ ಪ್ರೋಗ್ರಾಂ ಮತ್ತೆ ಕಟ್ಟಿಕೊಳ್ಳಬಲ್ಲದು, ಸಮಯ ಹಿಡಿಯುತ್ತದೆ ಅಷ್ಟೆ. ಮೊದಲನೆಯದಕ್ಕೆ ಮಾತ್ರ ಬದಲಿಯಿಲ್ಲ. ಪ್ರೋಗ್ರಾಂ ಪೂರ್ತಿ ಮುಚ್ಚಿದೆಯೆಂದು ಖಚಿತಪಡಿಸಿಕೊಂಡು ಇಡೀ ಫೋಲ್ಡರನ್ನು ಎರಡು ಕಡೆ ನಕಲಿಸಿದೆ. ಇನ್ನು ಮುಂದಿನ ಪರೀಕ್ಷೆಗಳೆಲ್ಲ ನಕಲಿನ ಮೇಲೆ ಮಾತ್ರ ಎಂದು ನಿರ್ಧರಿಸಿದೆ.

ಆಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡೆ. ಪ್ರತಿ ಸಲ ಮುಚ್ಚಿಹೋದಾಗಲೂ ಎಷ್ಟು ಗಂಟೆ, ಆಗ ಏನು ಮಾಡುತ್ತಿದ್ದೆ, ಪರದೆಯ ಮೇಲೆ ಕೊನೆಗೆ ಏನು ಕಂಡಿತು ಎಂದು ಬರೆದೆ. ಇದರಿಂದ ಒಂದು ವಿಷಯ ಬೇಗನೆ ಸ್ಪಷ್ಟವಾಯಿತು. ಮೆಮೊರಿ ಚಿಪ್ ಕೆಟ್ಟಿದ್ದರೆ ಅಥವಾ ಯಂತ್ರ ಕಾದಿದ್ದರೆ ಪ್ರೋಗ್ರಾಂ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಬೀಳುತ್ತದೆ. ನನ್ನದು ಒಂಬತ್ತು ಸಲವೂ ಒಂದೇ ಕಡೆ ಬಿದ್ದಿತ್ತು. ಆದರೂ ಸಮಾಧಾನಕ್ಕೆಂದು ಒಂದು ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿದೆ. ದೋಷವೇನೂ ಸಿಗಲಿಲ್ಲ. ಹಾಗಾದರೆ ಅದು ಓದುತ್ತಿರುವ ಯಾವುದೋ ಒಂದರಲ್ಲಿ ತೊಂದರೆ ಇರಬೇಕು: ಡೇಟಾಬೇಸಿನಲ್ಲಿ, ಇಲ್ಲವೇ ಒಂದು ಚಿತ್ರದಲ್ಲಿ.

ಇವೆರಡನ್ನು ಬೇರ್ಪಡಿಸಲು ಒಂದು ಸರಳ ದಾರಿ ಇದೆ. ಡಿಜಿಕ್ಯಾಮ್‌ಗೆ ಬೇರೆ ಡೇಟಾಬೇಸ್ ಫೋಲ್ಡರ್ ತೋರಿಸಿ ಆರಂಭಿಸಬಹುದು. ಖಾಲಿ ಫೋಲ್ಡರ್ ಕೊಟ್ಟೆ. ಫೋಟೋಗಳಿದ್ದ ಡಿಸ್ಕನ್ನು ಓದಲು ಮಾತ್ರ ಸಾಧ್ಯವಾಗುವಂತೆ ಜೋಡಿಸಿದೆ. ಖಾಲಿ ಡೇಟಾಬೇಸಿನಲ್ಲಿ ಸರಿಯಾಗಿ ನಡೆದರೆ ತಪ್ಪು ಹಳೆಯ ಡೇಟಾಬೇಸಿನದು, ಅಲ್ಲಿಯೂ ಬಿದ್ದರೆ ಚಿತ್ರದ್ದು. ಒಂದು ಗಂಟೆ ಓಡಿ ಅಲ್ಲಿಯೂ ಬಿತ್ತು. ಯಾವುದೋ ಚಿತ್ರದ ಮೇಲೆ ಅನುಮಾನ ಗಟ್ಟಿಯಾಯಿತು.

ಯಾರಾದರೂ ಇದೇ ಕೆಲಸಕ್ಕೆ ಇಳಿದರೆ ಒಂದು ಎಚ್ಚರಿಕೆ ಹೇಳಲೇಬೇಕು. ಕೆಟ್ಟ ಫೋಟೋ ಹುಡುಕಲು ಫೋಲ್ಡರುಗಳನ್ನು ಸಂಗ್ರಹದಿಂದ ಹೊರಗೆ ಸರಿಸುತ್ತಾ ಹೋಗಬೇಡಿ. ಹಳೆಯ ಡೇಟಾಬೇಸ್ ತೆರೆದಿರುವಾಗ ಹಾಗೆ ಮಾಡಿದರೆ, ಆ ಚಿತ್ರಗಳು ಇಲ್ಲವಾದವೆಂದು ಪ್ರೋಗ್ರಾಂ ಬರೆದುಕೊಳ್ಳುತ್ತದೆ, ಅವುಗಳ ಟ್ಯಾಗುಗಳಿಗೆ ಅಪಾಯ. ಹುಡುಕಾಟ ಏನಿದ್ದರೂ ನಕಲು ಚಿತ್ರಗಳ ಮೇಲೆ, ಖಾಲಿ ಡೇಟಾಬೇಸಿನಲ್ಲಿ ನಡೆಯಲಿ.

ಟರ್ಮಿನಲ್‌ನಿಂದ (ಆದೇಶಗಳನ್ನು ಬೆರಳಚ್ಚಿಸುವ ಕಿಟಕಿಯಿಂದ) ಡಿಜಿಕ್ಯಾಮ್ ಆರಂಭಿಸಿದರೆ, ತಾನು ಮಾಡುತ್ತಿರುವುದನ್ನೆಲ್ಲ ಸಾಲುಸಾಲಾಗಿ ಬರೆಯುವಂತೆ ಅದಕ್ಕೆ ಹೇಳಬಹುದು. ಬೀಳುವ ಮೊದಲು ಬಂದ ಕೊನೆಯ ಸಾಲಿನಲ್ಲಿ ಒಂದು ಫೈಲಿನ ಹೆಸರಿತ್ತು. ಸಿಕ್ಕಿಬಿತ್ತು ಎಂದುಕೊಂಡೆ. ಆ ಫೈಲನ್ನೊಂದೇ ಪ್ರತ್ಯೇಕವಾಗಿ ಕೊಟ್ಟು ನೋಡಿದರೆ ಅದು ಚೆನ್ನಾಗಿ ತೆರೆದುಕೊಂಡಿತು! ಪ್ರೋಗ್ರಾಂ ಏಕಕಾಲಕ್ಕೆ ಹಲವು ಚಿತ್ರಗಳನ್ನು ಓದುತ್ತದೆ, ಕೊನೆಗೆ ಹೆಸರು ಬರೆಸಿಕೊಂಡದ್ದೇ ಕೆಟ್ಟದ್ದಾಗಿರಬೇಕಿಲ್ಲ. ಆದರೆ ನೆರೆಹೊರೆ ಅದೇ ಆಗಿರುತ್ತದೆ. ಆ ಫೋಲ್ಡರಿನ 38 ಚಿತ್ರಗಳನ್ನು ನಕಲಿಸಿ ಅರ್ಧದಷ್ಟನ್ನು ಕೊಟ್ಟೆ, ಬೀಳಲಿಲ್ಲ. ಉಳಿದರ್ಧವನ್ನು ಕೊಟ್ಟೆ, ಬಿತ್ತು. ಬಿದ್ದ ಅರ್ಧವನ್ನು ಮತ್ತೆ ಅರ್ಧ ಮಾಡಿದೆ. ಹೀಗೆ ಆರನೆಯ ಸುತ್ತಿಗೆ ಒಂದೇ ಒಂದು ಚಿತ್ರ ಉಳಿಯಿತು: ಸೊರಬದ ಕಡೆಯ ಒಂದು ವೀರಗಲ್ಲು. ಅಕ್ಷರಗಳು ಎದ್ದು ಕಾಣುವಂತೆ ಬೆಳಕನ್ನು ತಿದ್ದಿ ಟಿಫ್ ರೂಪದಲ್ಲಿ ಉಳಿಸಿಕೊಂಡಿದ್ದೆ.

ಅದನ್ನು ಬೈಟ್ ಬೈಟಾಗಿ ತೋರಿಸುವ ಸಾಧನದಲ್ಲಿ ತೆರೆದೆ. ಟಿಫ್ ಫೈಲಿನ ಮೊದಲ ನಾಲ್ಕು ಬೈಟುಗಳು ಅದರ ಗುರುತು. ಮುಂದಿನ ನಾಲ್ಕು, ಚಿತ್ರದ ವಿವರಗಳ ಪಟ್ಟಿ ಎಲ್ಲಿದೆಯೆಂದು ಹೇಳುತ್ತವೆ. ನನ್ನ ಫೈಲಿನಲ್ಲಿ ಅವು 08 20 34 03 ಎಂದಿದ್ದವು. ಹಿಂದುಮುಂದಾಗಿ ಓದಿ, ಹದಿನಾರರ ಎಣಿಕೆಯಿಂದ ನಮ್ಮ ಎಣಿಕೆಗೆ ತಂದರೆ 5,37,47,720 ಆಗುತ್ತದೆ. ನನ್ನ ಕ್ಯಾಮೆರಾದ ಚಿತ್ರ 5184 ಅಡ್ಡ, 3456 ಉದ್ದ, ಪ್ರತಿ ಚುಕ್ಕಿಗೆ ಮೂರು ಬೈಟು. ಗುಣಿಸಿ ಎಂಟು ಕೂಡಿಸಿದರೆ ಸರಿಯಾಗಿ ಅದೇ ಸಂಖ್ಯೆ. ಅಂದರೆ ಚಿತ್ರವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ವಿವರಗಳ ಪಟ್ಟಿ ಇರಬೇಕಿತ್ತು. ಆದರೆ ಡಿಸ್ಕಿನಲ್ಲಿ ಆ ಫೈಲಿನ ಗಾತ್ರವೇ 3,14,57,280 ಬೈಟು. ಪರಿವಿಡಿ ಪುಸ್ತಕದ ಕೊನೆಯಲ್ಲಿದೆ, 537ನೆಯ ಪುಟ ನೋಡಿ ಎಂದು ಮೊದಲ ಪುಟ ಹೇಳುತ್ತಿದೆ, ಪುಸ್ತಕ ಮಾತ್ರ 314ನೆಯ ಪುಟಕ್ಕೇ ಹರಿದುಹೋಗಿದೆ. ಇಂಥ ಫೈಲು ಬಂದಾಗ ಇದು ಅಪೂರ್ಣ ಎಂದು ಹೇಳಿ ಮುಂದಕ್ಕೆ ಹೋಗಬೇಕು. ನನ್ನ ಯಂತ್ರದಲ್ಲಿ ಬಹಳ ದಿನದಿಂದ ನವೀಕರಿಸದೆ ಬಿಟ್ಟಿದ್ದ ಹಳೆಯ ಲೈಬ್ರರಿ (ಇಂಥ ಫೈಲುಗಳನ್ನು ಓದಿಕೊಡುವ ಸಹಾಯಕ ತಂತ್ರಾಂಶ), ಇಲ್ಲದ ಪುಟವನ್ನು ಓದಲು ಹೋಗಿ ಬೀಳುತ್ತಿತ್ತು.

ನಾನು ಬಹಳ ಹೊತ್ತು ನೋಡುತ್ತಾ ಕುಳಿತದ್ದು ಆ 3,14,57,280ನ್ನು. ಅದು ಸರಿಯಾಗಿ ಮೂವತ್ತು ಮೆಗಾಬೈಟ್, ಒಂದು ಬೈಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ತಾನಾಗಿ ಕೊಳೆತ ಫೈಲು ಇಷ್ಟು ಒಪ್ಪವಾದ ಅಳತೆಗೆ ನಿಲ್ಲುವುದಿಲ್ಲ. ಬರೆಯುತ್ತಿದ್ದಾಗ ಯಾರೋ ಕೈ ಹಿಡಿದು ನಿಲ್ಲಿಸಿದಂತಿತ್ತು. ಫೈಲಿನ ದಿನಾಂಕ ನೋಡಿದೆ: ಜುಲೈ ಕೊನೆಯ ವಾರ, ಸಂಜೆ ಏಳೂವರೆ. ನೆನಪಾಯಿತು. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದ ಸಂಜೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಲೇ ಇತ್ತು, ಹಾಗಾಗಿ ಏನೂ ಆಗಿಲ್ಲವೆಂದು ನಾನು ನಂಬಿದ್ದೆ. ಆದರೆ ಫೋಟೋಗಳಿದ್ದ ಹೊರಗಿನ ಡಿಸ್ಕು ದೊಡ್ಡದು, ಅದಕ್ಕೆ ಗೋಡೆಯ ಪ್ಲಗ್ಗಿನಿಂದಲೇ ಬೇರೆ ವಿದ್ಯುತ್ ಬೇಕು. ಅದು ಆ ಕ್ಷಣವೇ ಸತ್ತಿತ್ತು. ಆಗ ಡೇಟಾಬೇಸೂ ಅದೇ ಡಿಸ್ಕಿನಲ್ಲಿತ್ತು.

ಆ ಟಿಫ್ ಕ್ಯಾಮೆರಾದ ಮೂಲ ಚಿತ್ರದಿಂದ ಮತ್ತೆ ತಯಾರಾಯಿತು. ಲೈಬ್ರರಿಗಳನ್ನೂ ಪ್ರೋಗ್ರಾಮನ್ನೂ ನವೀಕರಿಸಿದೆ. ಖಾಲಿ ಡೇಟಾಬೇಸಿನಲ್ಲಿ ನಲವತ್ತೊಂದು ಸಾವಿರವೂ ನಿರಾತಂಕವಾಗಿ ಬಂದವು. ಹಳೆಯ ಡೇಟಾಬೇಸ್ ತೋರಿಸಿ ತೆರೆದೆ, ಪಟ್ಟಿ ಪೂರ್ತಿ ತುಂಬಿತು. ‘ಶಿಕಾರಿಪುರ 176’ ಎಂಬ ಟ್ಯಾಗನ್ನು ಒತ್ತಿದೆ. ಕಿಟಕಿ ಮರಗಟ್ಟಿತು, ಸ್ವಲ್ಪ ಹೊತ್ತಿಗೆ ಮುಚ್ಚಿಹೋಯಿತು.

ಇದು ಬೇರೆಯದೇ ತೊಂದರೆ ಎಂದು ಒಪ್ಪಿಕೊಳ್ಳಲು ನನಗೆ ಒಂದು ದಿನ ಹಿಡಿಯಿತು. ಡಿಜಿಕ್ಯಾಮ್ ತನ್ನ ಡೇಟಾಬೇಸಿಗೆ ಬಳಸುವುದು ಎಸ್‌ಕ್ಯುಎಲೈಟ್. ರಿಚರ್ಡ್ ಹಿಪ್ ಅವರು 2000ದಲ್ಲಿ ಹೊರತಂದ ಈ ಪುಟ್ಟ ಸಾಧನ ಇಂದು ಬಹುತೇಕ ಎಲ್ಲ ಸ್ಮಾರ್ಟ್‌ಫೋನುಗಳಲ್ಲೂ ಇದೆ. ಕರೆಂಟು ಹೋದರೂ ತಾಳಿಕೊಳ್ಳುವಂತೆ ಅದನ್ನು ಕಟ್ಟಲಾಗಿದೆ. ಡೇಟಾಬೇಸಿನ ಒಂದು ಪುಟವನ್ನು (ಅದು ವಿಂಗಡಿಸಿಕೊಂಡ ತುಣುಕನ್ನು) ತಿದ್ದುವ ಮೊದಲು, ಅದರ ಹಳೆಯ ರೂಪವನ್ನು ಪಕ್ಕದಲ್ಲೇ ಜರ್ನಲ್ ಎಂಬ ಸಣ್ಣ ಫೈಲಿನಲ್ಲಿ ಬರೆದಿಡುತ್ತದೆ. ಕೆಲಸ ನಡುವೆ ನಿಂತರೆ, ಮುಂದಿನ ಸಲ ತೆರೆದಾಗ ಜರ್ನಲ್ ನೋಡಿ ಹಳೆಯ ಸ್ಥಿತಿಗೆ ಮರಳುತ್ತದೆ. ನಾನು ಮಾಡಿದ್ದೇನು? ಕರೆಂಟು ಹೋದ ಮರುದಿನ, ಡಿಸ್ಕಿನ ಮೇಲೆ ಅಪನಂಬಿಕೆಯಾಗಿ ನಾಲ್ಕು ಡೇಟಾಬೇಸ್ ಫೈಲುಗಳನ್ನು ಲ್ಯಾಪ್‌ಟಾಪಿಗೆ ಸಾಗಿಸಿದ್ದೆ. ಹೆಸರಿನ ಕೊನೆಗೆ ಜರ್ನಲ್ ಎಂದಿದ್ದ ಸಣ್ಣದೊಂದನ್ನು ಕಸವೆಂದು ತಿಳಿದು ಅಳಿಸಿದ್ದೆ. ಅರ್ಧ ತಿದ್ದಿದ ಪುಟಗಳನ್ನು ಮೊದಲಿನಂತೆ ಮಾಡಬಲ್ಲ ಒಂದೇ ಫೈಲು ಅದು. ಹೀಗಾಗಿ ನಕಲು ಮಾಡುವಾಗ ಫೋಲ್ಡರನ್ನು ಇಡಿಯಾಗಿ ನಕಲಿಸಬೇಕು. ಹೆಸರು ಗೊತ್ತಿಲ್ಲದ ಫೈಲು ಅಲ್ಲಿದ್ದರೆ ಅದೂ ಜೊತೆಗೆ ಬರಲಿ.

ಎಸ್‌ಕ್ಯುಎಲೈಟ್‌ನ ಆಜ್ಞಾಸಾಧನದಲ್ಲಿ ಡೇಟಾಬೇಸಿನ ಆರೋಗ್ಯ ಪರೀಕ್ಷಿಸುವ ಆದೇಶವಿದೆ. ಎಲ್ಲ ನೆಟ್ಟಗಿದ್ದರೆ ‘ಓಕೆ’ ಎಂಬ ಒಂದೇ ಪದ ಬರುತ್ತದೆ. ನನಗೆ ಪರದೆ ತುಂಬ ಸಾಲುಗಳು ಬಂದವು. ಬೇಗ ಹುಡುಕಲೆಂದು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿಯಲ್ಲಿ ಇಂಥ ಸಾಲು ಕಾಣೆಯಾಗಿದೆ ಎಂಬ ದೂರುಗಳೇ ಹೆಚ್ಚು. ಸೂಚಿ ಮಾತ್ರ ಕೆಟ್ಟಿದ್ದರೆ ಅದನ್ನು ಹೊಸದಾಗಿ ಕಟ್ಟಿಸಿದರೆ ಸಾಕು, ಮಾಹಿತಿ ಹೋಗುವುದಿಲ್ಲ. ನನ್ನದರಲ್ಲಿ ಕೆಲವು ಮೂಲ ಪುಟಗಳೂ ಕೆಟ್ಟಿದ್ದವು. ಆಗ ಉಳಿಯುವ ದಾರಿ ‘ರಿಕವರ್’ ಎಂಬ ಆದೇಶ. ಅದು ಕೆಟ್ಟ ಡೇಟಾಬೇಸಿನಿಂದ ಓದಲು ಬಂದಷ್ಟನ್ನೂ ಹೆಕ್ಕಿ ಹೊಸದನ್ನು ಕಟ್ಟಲು ಕೊಡುತ್ತದೆ. ಯಾವ ಕೋಷ್ಟಕಕ್ಕೆ ಸೇರಿದ್ದೆಂದು ತಿಳಿಯದ ಸಾಲುಗಳನ್ನೂ ಎಸೆಯದೆ, ಕಳೆದುಸಿಕ್ಕ ವಸ್ತುಗಳೆಂಬ ಹೆಸರಿನ ಬೇರೊಂದು ಕೋಷ್ಟಕದಲ್ಲಿ ಇಡುತ್ತದೆ. ನಕಲಿನ ಮೇಲೆ ಆ ಆದೇಶ ಓಡಿಸಿದೆ. ಹೊಸ ಡೇಟಾಬೇಸಿಗೆ ಆರೋಗ್ಯ ಪರೀಕ್ಷೆ ಮಾಡಿದಾಗ ‘ಓಕೆ’ ಬಂತು. ಅಡುಗೆಮನೆಗೆ ಕೇಳುವಂತೆ ಕೂಗಿದೆ.

ಓಕೆ ಎಂದರೆ ರಚನೆ ಸರಿಯಿದೆ ಎಂದಷ್ಟೇ, ಎಲ್ಲ ಮಾಹಿತಿಯೂ ಉಳಿದಿದೆ ಎಂದಲ್ಲ. ಏಪ್ರಿಲ್ ರಜೆಯಲ್ಲಿ ಮಾಡಿಟ್ಟಿದ್ದ ಹಳೆಯ ನಕಲೊಂದಿತ್ತು. ಎರಡನ್ನೂ ಹೋಲಿಸಿ, ಅದರಲ್ಲಿ ಟ್ಯಾಗಿದ್ದು ಇದರಲ್ಲಿ ಇಲ್ಲದ ಚಿತ್ರಗಳ ಪಟ್ಟಿ ತೆಗೆದೆ: 214. ಅವುಗಳ ಟ್ಯಾಗುಗಳನ್ನು ಏಪ್ರಿಲ್ ನಕಲು ನೋಡಿಕೊಂಡು ಹಚ್ಚಿದೆ. ಏಪ್ರಿಲ್ ನಂತರ ತೆಗೆದವುಗಳಲ್ಲಿ 61 ಚಿತ್ರಗಳು ಯಾವ ಗುರುತೂ ಇಲ್ಲದೆ ನಿಂತಿದ್ದವು. ಅವುಗಳಿಗೆ ನಾನು ಹಳ್ಳಿಗಳಿಗೆ ಒಯ್ಯುವ ಕೈಬರಹದ ಪುಸ್ತಕವನ್ನೂ ರೈಸ್ ಅವರ ಸಂಪುಟವನ್ನೂ ಪಕ್ಕದಲ್ಲಿಟ್ಟುಕೊಂಡು ಮೂರು ಸಂಜೆ ಕುಳಿತೆ.

ಈಗ ಡೇಟಾಬೇಸ್ ಲ್ಯಾಪ್‌ಟಾಪಿನ ಒಳಗಿನ ಡಿಸ್ಕಿನಲ್ಲೇ ಇದೆ, ಫೋಟೋಗಳು ಮಾತ್ರ ಹೊರಗೆ. ಹೊರಗಿನ ಡಿಸ್ಕು ಯುಪಿಎಸ್ ಮೂಲಕ ನಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಟ್ಯಾಗುಗಳನ್ನು ಚಿತ್ರಗಳಿಗೇ ಬರೆಯುವಂತೆ ಸೆಟ್ಟಿಂಗ್ ಬದಲಿಸಿದೆ. ಟಿಫ್ ಮತ್ತು ಕ್ಯಾಮೆರಾದ ಮೂಲ ಫೈಲುಗಳನ್ನು ಮುಟ್ಟದೆ, ಪಕ್ಕದಲ್ಲೇ ಎಕ್ಸ್‌ಎಂಪಿ ಎಂಬ ಸಣ್ಣ ಫೈಲಿನಲ್ಲಿ ಬರೆಸುತ್ತಿದ್ದೇನೆ. ಕನ್ನಡದಲ್ಲಿ ಟ್ಯಾಗ್ ಬರೆಯುವವರು ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಚಿತ್ರದೊಳಗೆ ಗುರುತು ಬರೆಯುವ ಹಳೆಯ ಐಪಿಟಿಸಿ ಪದ್ಧತಿಯಲ್ಲಿ ಒಂದು ಟ್ಯಾಗಿಗೆ 64 ಬೈಟುಗಳ ಮಿತಿಯಿದೆ. ಇಂಗ್ಲಿಷಿಗೆ ಅದು 64 ಅಕ್ಷರವಾದರೆ, ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ, ಗುಣಿತದ ಚಿಹ್ನೆಗೂ ಮೂರು ಮೂರು ಬೈಟು ಬೇಕು, ಒತ್ತಿಗೆ ಆರು. ಇಪ್ಪತ್ತೊಂದು ಚಿಹ್ನೆಗಳಿಗೇ ಜಾಗ ಮುಗಿಯುತ್ತದೆ, ‘ಮೂರು ಪಟ್ಟಿಕೆಯ ವೀರಗಲ್ಲು’ ಎಂದು ಬರೆಯುವಷ್ಟರಲ್ಲಿ 62 ಬೈಟು ತುಂಬಿರುತ್ತದೆ. ಎಕ್ಸ್‌ಎಂಪಿಯಲ್ಲಿ ಆ ಮಿತಿಯಿಲ್ಲ, 2012ರಿಂದ ಅದು ಐಎಸ್ಒ ಮಾನಕವೂ ಆಗಿದೆ. ಆ ಮಾನಕವನ್ನು ಬಲ್ಲ ಬೇರೆ ಯಾವ ಪ್ರೋಗ್ರಾಮಿಗೆ ಹೋದರೂ ನನ್ನ ಗುರುತುಗಳನ್ನು ಅದು ಓದಬಲ್ಲದು.

ನಲವತ್ತೊಂದು ಸಾವಿರ ಚಿತ್ರಗಳಿಗೆ ಹೀಗೆ ಬರೆಸಿ ಮುಗಿಯುವಾಗ ಎರಡನೆಯ ದಿನದ ನಡುರಾತ್ರಿಯಾಗಿತ್ತು. ಮಲಗುವ ಮೊದಲು ‘ಶಿಕಾರಿಪುರ 176’ನ್ನು ಮತ್ತೊಮ್ಮೆ ಒತ್ತಿದೆ. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಂಬ, ಕದಂಬ ಮಯೂರಶರ್ಮನ ಕಥೆಯನ್ನು ಕವಿ ಕುಬ್ಜ ಬರೆದಿರುವ ಆ ಸಾಲುಗಳು, ಬೆಳಗಿನ ಓರೆಬಿಸಿಲಿನಲ್ಲಿ ತೆಗೆದ ನಲವತ್ತೆರಡು ಚಿತ್ರಗಳು ಒಂದರ ಪಕ್ಕ ಒಂದಾಗಿ ಬಂದು ನಿಂತವು.