ಬೊಲೋನ್ಯಾಕ್ಕೆ ಹೊಸದಾಗಿ ಬಂದಿದ್ದೀರಾ? ಮಕ್ಕಳ ಕೈ ಹಿಡಿದು ಹೊರಡಿ

ಕೆಲಸಕ್ಕೋ ಓದಿಗೋ ಬೊಲೋನ್ಯಾಕ್ಕೆ ಬಂದ ನಮ್ಮವರ ಮನೆಗಳಲ್ಲಿ ಮೊದಲ ಕೆಲವು ತಿಂಗಳು ಒಂದೇ ಲೆಕ್ಕಾಚಾರ. ಈ ಶನಿವಾರ ವೆನಿಸ್, ಮುಂದಿನ ಶನಿವಾರ ಫ್ಲಾರೆನ್ಸ್, ರಜೆ ಸಿಕ್ಕರೆ ರೋಮ್. ವೇಗದ ರೈಲಿನಲ್ಲಿ ಫ್ಲಾರೆನ್ಸ್‌ಗೆ 40 ನಿಮಿಷವೂ ಬೇಡ, ಹಾಗಾಗಿ ಕಾಲು ನಿಲ್ಲುವುದಿಲ್ಲ. ನಾವೂ ಹಾಗೇ ಓಡಾಡಿದೆವು. ಒಂದು ಭಾನುವಾರ ರಾತ್ರಿ ರೈಲು ಇಳಿಯುವಾಗ ಮಗಳು ಕೇಳಿದಳು, "ಅಮ್ಮಾ, ನಮ್ಮೂರಲ್ಲಿ ನೋಡೋಕೆ ಏನೂ ಇಲ್ವಾ?" ಅವಳು ನಮ್ಮೂರು ಅಂದದ್ದು ಬೊಲೋನ್ಯಾಕ್ಕೆ. ಅಪ್ಪ ಅಮ್ಮನಿಗಿಂತ ಮೊದಲು ಅವಳು ಊರಿನವಳಾಗಿಬಿಟ್ಟಿದ್ದಳು.

ಅಂದಿನಿಂದ ನಮ್ಮ ಶನಿವಾರಗಳು ಈ ಊರಿಗೇ ಮೀಸಲು. ಹೊಸದಾಗಿ ಬಂದವರಿಗೆ ನಾನು ಹೇಳುವುದು ಇಷ್ಟೇ: ಒಂದು ಸಲಕ್ಕೆ ಒಂದೇ ಜಾಗ. ಎರಡು ಗಂಟೆ ಸಾಕು. ನೀವು ಇಲ್ಲಿ ಎರಡು ದಿನಕ್ಕೆ ಬಂದ ಪ್ರವಾಸಿಗರಲ್ಲ, ಬಾಡಿಗೆ ಕಟ್ಟಿ ಇರುವವರು. ಮುಂದಿನ ವಾರವೂ ಇಲ್ಲೇ ಇರುತ್ತೀರಿ.

ಮೊದಲ ದಿನ ಎಲ್ಲಿಗೂ ಹೋಗಬೇಡಿ, ಸುಮ್ನೆ ಪೋರ್ತಿಕೊ ಕೆಳಗೆ ನಡೆಯಿರಿ. ರಸ್ತೆಯ ಬದಿಗೆ ಕಮಾನು ಕಮಾನಾಗಿ ಸಾಗುವ ಮುಚ್ಚಿದ ದಾರಿಗೆ ಇಲ್ಲಿನವರು ಪೋರ್ತಿಕೊ ಅನ್ನುತ್ತಾರೆ. ಊರಲ್ಲೆಲ್ಲ ಸೇರಿಸಿದರೆ 62 ಕಿಲೋಮೀಟರ್ ಆಗುತ್ತದೆ. 2021ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿನ ವಿಶ್ವವಿದ್ಯಾಲಯ 1088ರಲ್ಲಿ ಶುರುವಾಯಿತು ಎನ್ನುತ್ತಾರೆ. ಓದಲು ಬಂದವರಿಂದ ಊರು ತುಂಬಿತು, ಜಾಗ ಸಾಲದೆ ಜನ ಮಹಡಿಯನ್ನು ರಸ್ತೆಯ ಮೇಲಕ್ಕೆ ಚಾಚಿ ಕಟ್ಟಿದರು, ಕೆಳಗೆ ಕಂಬ ಕೊಟ್ಟರು. 1288ರಲ್ಲಿ ಊರಾಡಳಿತ ಹೊಸ ಮನೆಗೆ ಪೋರ್ತಿಕೊ ಇರಲೇಬೇಕು ಎಂದು ಕಟ್ಟಳೆ ಮಾಡಿತು. ಕುದುರೆ ಮೇಲೆ ಕೂತವರು ತಲೆ ತಗಲದೆ ಹೋಗುವಷ್ಟು ಎತ್ತರ ಬೇಕಿತ್ತು. ಜಾಗ ಮನೆಯವರದು, ನಡೆಯುವ ಹಕ್ಕು ಎಲ್ಲರದು. ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮತ್ತೆ ಜೋರು ಮಳೆಯಲ್ಲಿ ಕೊಡೆ ಬಿಚ್ಚದೆ ಪೇಟೆಯೆಲ್ಲ ಸುತ್ತಿ ಬಂದು, "ಇದು ಊರಿಗೇ ಒಂದು ಜಗಲಿ ಕಣೇ" ಅಂದರು. ನನಗೆ ಇದಕ್ಕಿಂತ ಒಳ್ಳೆಯ ಮಾತು ಇನ್ನೂ ಸಿಕ್ಕಿಲ್ಲ. ಪುಟ್ಟ ಮಕ್ಕಳ ತಳ್ಳುಗಾಡಿಗೂ ಇದೇ ಒಳ್ಳೆಯ ದಾರಿ. ಆದರೆ ಅಲ್ಲಲ್ಲಿ ಎರಡು ಮೂರು ಮೆಟ್ಟಿಲು ಸಿಗುತ್ತವೆ, ಗಾಡಿ ಹಗುರ ಇದ್ದಷ್ಟೂ ಒಳ್ಳೆಯದು.

ಸ್ತ್ರಾದಾ ಮಜ್ಜೋರೆ ಬೀದಿಯಲ್ಲಿ ಕೋರ್ತೆ ಇಸೋಲಾನಿ ಎಂಬಲ್ಲಿ ಎತ್ತರದ ಮರದ ಕಂಬಗಳ ಪೋರ್ತಿಕೊ ಇದೆ. ಅದರ ಸೂರಿನಲ್ಲಿ ಮೂರು ಬಾಣ ಸಿಕ್ಕಿಕೊಂಡಿವೆ ಎಂದು ಊರವರು ಕಥೆ ಹೇಳುತ್ತಾರೆ. ಎಲ್ಲಿ ಎಂದು ಮಕ್ಕಳಿಗೆ ತೋರಿಸಬೇಡಿ. ಅವರೇ ಕತ್ತೆತ್ತಿ ಹುಡುಕಲಿ. ನಮ್ಮ ಮಗನಿಗೆ ಮೂರನೆಯ ಬಾಣ ಸಿಕ್ಕಿದ್ದು ನಾಲ್ಕನೆಯ ಭೇಟಿಯಲ್ಲಿ.

ಪಿಯಾತ್ಸಾ ಮಜ್ಜೋರೆ ಊರಿನ ದೊಡ್ಡ ಚೌಕ. ಅಲ್ಲಿ ಪೊದೆಸ್ತಾ ಅರಮನೆಯ ಕೆಳಗೆ ಎರಡು ದಾರಿ ಕೂಡುವ ಕಡೆ ಒಂದು ಕಮಾನಿನ ಚಾವಣಿ ಇದೆ. ಒಬ್ಬರು ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಇನ್ನೊಬ್ಬರು ಎದುರು ಮೂಲೆಯಲ್ಲಿ. ಪಿಸುಗುಟ್ಟಿದರೆ ಸಾಕು, ನಡುವೆ ಎಷ್ಟು ಜನ ಓಡಾಡುತ್ತಿದ್ದರೂ ಮಾತು ಚಾವಣಿ ಹತ್ತಿ ಆ ಕಡೆ ಇಳಿಯುತ್ತದೆ. ವಿಜಯಪುರದ ಗೋಲ್ ಗುಂಬಜ್ ನೋಡಿದ ಮಕ್ಕಳಿದ್ದರೆ ಅವರಿಗೆ ಕೂಡಲೇ ಅದು ನೆನಪಾಗುತ್ತದೆ. ಅಲ್ಲಿ ಕೂಗಿ ಕೂಗಿ ಕೇಳಿಸಿಕೊಳ್ಳುತ್ತೇವೆ, ಇಲ್ಲಿ ಗುಟ್ಟು ಹೇಳುತ್ತೇವೆ. ಕನ್ನಡದಲ್ಲೇ ಹೇಳಿ. ಆ ಗೋಡೆ ಎಷ್ಟೋ ಭಾಷೆ ಕೇಳಿರುತ್ತದೆ, ನಮ್ಮದೂ ಕೇಳಲಿ.

ಅದೇ ಚೌಕದಲ್ಲಿ ಸಾನ್ ಪೆತ್ರೋನಿಯೊ ಬಸಿಲಿಕ ಎಂಬ ದೊಡ್ಡ ಚರ್ಚು ಇದೆ. ಕೆಳಗೆ ಅಮೃತಶಿಲೆ, ಮೇಲೆ ಬರೀ ಇಟ್ಟಿಗೆ. 1390ರಲ್ಲಿ ಕಟ್ಟಲು ಶುರು ಮಾಡಿದ್ದು, ಮುಂಭಾಗ ಇಂದಿಗೂ ಪೂರ್ತಿಯಾಗಿಲ್ಲ. ನಾನು ಹೊಸಬರನ್ನು ಕೈ ಹಿಡಿದು ಕರೆದೊಯ್ಯುವುದು ಇದರ ಒಳಗೆ, ಅದೂ ಬಿಸಿಲಿರುವ ದಿನ ನಡು ಮಧ್ಯಾಹ್ನ. ನೆಲದ ಮೇಲೆ ಸುಮಾರು 67 ಮೀಟರ್ ಉದ್ದದ ಗೆರೆ ಎಳೆದಿದ್ದಾರೆ. 1655ರಲ್ಲಿ ಕಸ್ಸಿನಿ ಎಂಬ ಖಗೋಳ ವಿಜ್ಞಾನಿ ಮಾಡಿಸಿದ್ದು. ಶನಿಗ್ರಹದ ಉಂಗುರದ ನಡುವಿನ ಸಂದಿಗೆ ಇವರದೇ ಹೆಸರು, ಗ್ರಹಗಳ ಹುಚ್ಚಿರುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ. 27 ಮೀಟರ್ ಎತ್ತರದ ಚಾವಣಿಯಲ್ಲಿ ಒಂದು ತೂತು, ನಮ್ಮ ಹತ್ತು ರೂಪಾಯಿ ನಾಣ್ಯದಷ್ಟು ಅಗಲ. ಅದರಿಂದ ಇಳಿದ ಬಿಸಿಲು ನೆಲದ ಮೇಲೆ ಬೆಳಕಿನ ಬಿಲ್ಲೆಯಾಗುತ್ತದೆ, ನಡು ಮಧ್ಯಾಹ್ನಕ್ಕೆ ಸರಿಯಾಗಿ ಗೆರೆಯನ್ನು ದಾಟುತ್ತದೆ. ಬಿಲ್ಲೆ ನಿಂತಿರುವುದಿಲ್ಲ, ಕಣ್ಣೆದುರೇ ಸರಿಯುತ್ತದೆ. ಭೂಮಿ ತಿರುಗುವುದನ್ನು ಪುಸ್ತಕದಲ್ಲಿ ಓದುವುದು ಬೇರೆ, ನೆಲದ ಮೇಲೆ ಕೂತು ನೋಡುವುದು ಬೇರೆ, ಅಲ್ವಾ?

ಗೆರೆಯ ಬದಿಯಲ್ಲಿ ರಾಶಿಗಳ ಗುರುತುಗಳಿವೆ. ಮೇಷ, ಕರ್ಕ, ತುಲಾ, ಮಕರ, ಎಲ್ಲವೂ. ಬೇಸಿಗೆಯಲ್ಲಿ ಬೆಳಕು ತೂತಿನ ಹತ್ತಿರದ ತುದಿಗೆ ಬೀಳುತ್ತದೆ, ಚಳಿಗಾಲ ಬಂದಂತೆ ದೂರ ದೂರ ಸರಿದು ಡಿಸೆಂಬರ್ 21ರ ಸುಮಾರಿಗೆ ಕೊನೆಯ ತುದಿ ಮುಟ್ಟುತ್ತದೆ. ಅಲ್ಲಿರುವುದು ಮಕರ. ಮಗಳು ಅಲ್ಲೇ ಹಿಡಿದಳು: "ನಮ್ಮ ಸಂಕ್ರಾಂತಿ ಜನವರಿಯಲ್ಲಿ ಅಲ್ವಾ? ಇಲ್ಲಿ ಯಾಕೆ ಡಿಸೆಂಬರ್?" ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬಿನ ನಡುವೆ ಹಾದು ಲಿಂಗ ಮುಟ್ಟುವುದನ್ನು ಅವಳು ಟಿವಿಯಲ್ಲಿ ನೋಡಿದ್ದಳು. ಉತ್ತರ ಹೇಳಲು ನಾನೇ ಕೂತು ಓದಬೇಕಾಯಿತು. ಭೂಮಿಯ ಅಕ್ಷ ಬುಗುರಿಯ ತಲೆಯಂತೆ ತುಂಬಾ ನಿಧಾನವಾಗಿ ಓಲಾಡುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಈ ಗೆರೆ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎಂಬುದನ್ನು ಹಿಡಿದು ರಾಶಿ ಗುರುತಿಸುತ್ತದೆ. ನಮ್ಮ ಪಂಚಾಂಗ ಹಿಂದಿರುವ ನಕ್ಷತ್ರಗಳನ್ನು ಹಿಡಿದು ಗುರುತಿಸುತ್ತದೆ. ಶತಮಾನಗಳು ಕಳೆದಂತೆ ಇವೆರಡರ ನಡುವೆ ಈಗ 24 ದಿನದಷ್ಟು ಅಂತರ ಬೆಳೆದಿದೆ. ಎಳ್ಳು ಬೆಲ್ಲದ ಹಬ್ಬದ ಲೆಕ್ಕ ಬೊಲೋನ್ಯಾದ ಒಂದು ಚರ್ಚಿನ ನೆಲದ ಮೇಲೆ ನನಗೆ ಅರ್ಥವಾಯಿತು.

ಇಲ್ಲೊಂದು ಎಚ್ಚರಿಕೆ. ಗಡಿಯಾರದ 12 ಗಂಟೆಯೇ ನಡು ಮಧ್ಯಾಹ್ನವಲ್ಲ. ಚಳಿಗಾಲದಲ್ಲಿ 12ರಿಂದ 12.30ರ ಒಳಗೆ, ಗಡಿಯಾರ ಮುಂದಿಟ್ಟ ಬೇಸಿಗೆ ತಿಂಗಳುಗಳಲ್ಲಿ 1 ಗಂಟೆ ದಾಟಿದ ಮೇಲೆ ಬೆಳಕು ಗೆರೆ ಮುಟ್ಟುತ್ತದೆ. ಇಟಲಿಯ ಎಷ್ಟೋ ಚರ್ಚುಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಹಾಗಾಗಿ ಬಾಗಿಲಲ್ಲಿರುವ ಸಮಯ ಮೊದಲೇ ನೋಡಿಕೊಳ್ಳಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ಎರಡು ಗೋಪುರಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಸಿನೆಲ್ಲಿ 97 ಮೀಟರ್, ಅದಕ್ಕೆ 498 ಮೆಟ್ಟಿಲು. ಪಕ್ಕದ ಗರಿಸೆಂದಾ 48 ಮೀಟರ್, ನೋಡಿದರೆ ಎದೆ ಝಲ್ಲೆನ್ನುವಷ್ಟು ವಾಲಿದೆ. ಗರಿಸೆಂದಾದ ಸ್ಥಿತಿ ಕೆಟ್ಟದ್ದರಿಂದ 2023ರ ಅಕ್ಟೋಬರ್‌ನಲ್ಲಿ ಅಸಿನೆಲ್ಲಿ ಹತ್ತುವುದನ್ನೂ ನಿಲ್ಲಿಸಿ, ಸುತ್ತ ಬೇಲಿ ಹಾಕಿ ಗಟ್ಟಿ ಮಾಡುವ ಕೆಲಸ ಹಿಡಿದರು. ಹತ್ತಲು ಆಗದಿದ್ದರೂ ಕೆಳಗಿನಿಂದ ಒಂದು ಆಟ ಇದೆ. ಮೋಡ ಓಡುತ್ತಿರುವ ದಿನ ಕತ್ತೆತ್ತಿ ನೋಡಿದರೆ ಗೋಪುರವೇ ನಮ್ಮ ಮೇಲೆ ಬಾಗಿ ಬಂದಂತೆ ಕಾಣುತ್ತದೆ. 700 ವರ್ಷದ ಹಿಂದೆ ಡಾಂಟೆ ಕವಿ ಇದನ್ನೇ ಬರೆದಿದ್ದಾರೆ.

ಮಳೆಯ ದಿನಕ್ಕೆ ಸಾಲಾಬೋರ್ಸಾ. ಚೌಕದ ಪಕ್ಕದಲ್ಲೇ ಇರುವ ಊರಿನ ಗ್ರಂಥಾಲಯ, ಹೋಗಲು ದುಡ್ಡು ಬೇಡ. ಕೂಸುಗಳಿಂದ ಹಿಡಿದು ದೊಡ್ಡ ಮಕ್ಕಳವರೆಗೆ ಬೇರೆ ಬೇರೆ ವಿಭಾಗಗಳಿವೆ. ನಡುವಿನ ಗಾಜಿನ ನೆಲದ ಕೆಳಗೆ ರೋಮನ್ನರ ಕಾಲದ ಊರಿನ ಅವಶೇಷ ಕಾಣುತ್ತದೆ. ಮಕ್ಕಳು ಗಾಜಿನ ಮೇಲೆ ಬೋರಲಾಗಿ ಮಲಗಿ ನೋಡುತ್ತಾರೆ. ಹೊಸ ತಾಯಂದಿರಿಗೆ ಬೇರೆ ತಾಯಂದಿರ ಪರಿಚಯ ಆಗುವ ಜಾಗವೂ ಇದೇ. ಮೊದಲ ಚಳಿಗಾಲ ಮನೆಯಲ್ಲೇ ಕೂತು ಮನಸ್ಸು ಕುಗ್ಗಿದ ಗೆಳತಿಯರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತೇನೆ: ಬಂದ ವಾರವೇ ಹೋಗಿ ಕಾರ್ಡ್ ಮಾಡಿಸಿ.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ವಿಶ್ವವಿದ್ಯಾಲಯದ ಹಳೆಯ ಕಟ್ಟಡ ಆರ್ಕಿಜಿನ್ನಾಸಿಯೊ ಒಳಗಿನ ಮರದ ಅಂಗರಚನಾ ಶಾಲೆ ನೋಡಿ. 1637ರದ್ದು, ನಡುವೆ ಹೆಣ ಕೊಯ್ಯುವ ಮೇಜು, ಸುತ್ತ ವಿದ್ಯಾರ್ಥಿಗಳು ಕೂರುವ ಸಾಲು. 1944ರ ಜನವರಿ 29ರಂದು ಬಾಂಬ್ ಬಿದ್ದು ಒಡೆದುಹೋಯಿತು. ತುಂಡುಗಳನ್ನು ಆರಿಸಿ ಮತ್ತೆ ಜೋಡಿಸಿದರು. ಚರ್ಮವಿಲ್ಲದ ಮನುಷ್ಯರ ಕೆತ್ತನೆ ಇದೆ, ಹೆದರುವ ಮಕ್ಕಳಾದರೆ ಇನ್ನೆರಡು ವರ್ಷ ಬಿಡಿ. ಹೊರಗೆ ಕಪ್ಪೆಯ ಕಾಲಿನಲ್ಲಿ ವಿದ್ಯುತ್ತಿನ ಪರಿಣಾಮ ಕಂಡ ಗಲ್ವಾನಿಯ ಪ್ರತಿಮೆ ನಿಂತಿದೆ.

ಕಾಲಿನಲ್ಲಿ ಕಸುವಿರುವ ದಿನ ಸಾನ್ ಲೂಕಾ ಬೆಟ್ಟ. ಸರಗೋತ್ಸಾ ಎಂಬ ಹಳೆಯ ಊರಬಾಗಿಲಿನಿಂದ ಬೆಟ್ಟದ ಮೇಲಿನ ಗುಡಿಯವರೆಗೆ 3.8 ಕಿಲೋಮೀಟರ್ ಪೋರ್ತಿಕೊ, 666 ಕಮಾನು. ಮೆಲೊಂಚೆಲ್ಲೊ ಕಮಾನಿನವರೆಗೆ ಸಮತಟ್ಟು, ಆಮೇಲೆ ಏರು. ಆರು ವರ್ಷದ ಒಳಗಿನವರಾದರೆ ಊರಿನ ಚೌಕದಿಂದ ಹೊರಡುವ ಪುಟ್ಟ ಪ್ರವಾಸಿ ರೈಲಿನಲ್ಲಿ ಹತ್ತಿ, ನಡೆದು ಇಳಿಯಿರಿ. 1433ರಲ್ಲಿ ಮಳೆ ಬಿಡದೆ ಸುರಿದು ಬೆಳೆ ಹಾಳಾಗುತ್ತಿದ್ದಾಗ ಬೆಟ್ಟದ ಮೇಲಿನ ಮೇರಿ ಮಾತೆಯ ಚಿತ್ರವನ್ನು ಊರಿಗೆ ಇಳಿಸಿ ತಂದರು, ಮಳೆ ನಿಂತಿತು ಎನ್ನುತ್ತಾರೆ. ಇಂದಿಗೂ ವರ್ಷಕ್ಕೊಮ್ಮೆ ಮೆರವಣಿಗೆಯಲ್ಲಿ ತರುತ್ತಾರೆ, ಒಂದು ವಾರ ಊರಲ್ಲಿಟ್ಟು ಮರಳಿ ಕಳಿಸುತ್ತಾರೆ. ನಮ್ಮ ಉತ್ಸವಮೂರ್ತಿ ಬೀದಿಗೆ ಬಂದ ಹಾಗೇ. ಮಳೆ ಬರಲಿ ಎಂದು ಗುರ್ಜಿ ಆಡಿದ ಊರಿನವರು ಮಳೆ ನಿಲ್ಲಲಿ ಎನ್ನುವ ಹರಕೆಯನ್ನೂ ನೋಡಿ.

ಊಟದ ವಿಷಯ ಮನೆಯಿಂದಲೇ ಯೋಚಿಸಿ ಹೊರಡಿ. ತೊರ್ತೆಲ್ಲಿನಿ ನೋಡಲು ನಮ್ಮ ಪುಟ್ಟ ಕಡುಬಿನಂತಿದೆ, ಒಳಗೆ ಹಂದಿ ಮಾಂಸ. ಮಾಂಸ ತಿನ್ನದವರಿಗೆ ತೊರ್ತೆಲ್ಲೋನಿ ಇದೆ, ಒಳಗೆ ರಿಕೊತ್ತಾ ಚೀಸ್, ಗಾತ್ರ ದೊಡ್ಡದು. ಹೆಸರು ಒಂದೇ ಥರ ಕೇಳುತ್ತದೆ, ಹುಷಾರು. ಇಲ್ಲಿನ ತಾಜಾ ಪಾಸ್ತಾಗೆ ಮೊಟ್ಟೆ ಹಾಕಿಯೇ ನಾದುತ್ತಾರೆ. ಮೊಟ್ಟೆ ಬೇಡದವರು ಒಣ ಪಾಸ್ತಾ ಕೇಳಿ. ಪಿಯಾದಿನಾ ನಮ್ಮ ಚಪಾತಿಯಂತೆ ಕಂಡರೂ ಹಿಟ್ಟಿಗೆ ಹಂದಿ ಕೊಬ್ಬು ಹಾಕಿರಬಹುದು. "ಚೆ ಲೊ ಸ್ತ್ರುತ್ತೊ?" ಎಂದು ಕೇಳಿ ತಿಳಿದುಕೊಳ್ಳಿ. ಪರ್ಮಿಜಾನೊ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಇದು ಗೊತ್ತಿರಲಿ, ಆಮೇಲೆ ನಿಮ್ಮಿಷ್ಟ. ಮಕ್ಕಳಿಗೆ ಖಾರವಿಲ್ಲದ್ದು ಬೇಕಿದ್ದರೆ "ಪಾಸ್ತಾ ಇನ್ ಬಿಯಾಂಕೊ" ಅನ್ನಿ, ಎಣ್ಣೆಯೋ ಬೆಣ್ಣೆಯೋ ಹಾಕಿ ಕೊಡುತ್ತಾರೆ. ರಾತ್ರಿ ಊಟದ ಹೋಟೆಲುಗಳು ಏಳೂವರೆಗೆ ಮುಂಚೆ ತೆರೆಯುವುದು ಕಮ್ಮಿ, ಅಷ್ಟರಲ್ಲಿ ಮಕ್ಕಳು ಹಸಿದು ಅಳುತ್ತಾರೆ. ನಾನು ಡಬ್ಬಿಯಲ್ಲಿ ಚಿತ್ರಾನ್ನ ಇಟ್ಟುಕೊಳ್ಳದೆ ಹೊರಡುವುದಿಲ್ಲ. ಮಾರ್ಗೆರಿತಾ ತೋಟದ ಕೊಳದಲ್ಲಿ ಆಮೆಗಳಿವೆ, ದಡದ ಹುಲ್ಲಿನ ಮೇಲೆ ಕೂತು ತಿಂದರೆ ಹೋಟೆಲಿಗಿಂತ ಚೆನ್ನ.

ಕಾರು ಇಟ್ಟುಕೊಂಡವರು ಹಳೆ ಊರಿನೊಳಗೆ ಓಡಿಸಲೇಬೇಡಿ. ಪರವಾನಗಿ ಇಲ್ಲದ ಗಾಡಿಯ ನಂಬರನ್ನು ಕ್ಯಾಮೆರಾ ಹಿಡಿಯುತ್ತದೆ, ದಂಡದ ಕಾಗದ ತಿಂಗಳು ಕಳೆದ ಮೇಲೆ ಮನೆಗೆ ಬರುತ್ತದೆ. ನಮಗೆ ಒಂದೇ ಸಂಜೆಗೆ ಎರಡು ಬಂದಿದ್ದವು. ಬಸ್ಸೇ ಸರಿ. ಆದರೆ ಟ್ರಾಮ್ ಹಳಿಯ ಕೆಲಸದಿಂದ ಬಸ್ಸಿನ ದಾರಿಗಳು ಬದಲಾಗುತ್ತಿರುತ್ತವೆ, ಹೊರಡುವ ದಿನವೇ ನೋಡಿಕೊಳ್ಳಿ. ಆಗಸ್ಟ್ 15ರ ಆಸುಪಾಸು ಅಂಗಡಿಗಳು ಮುಚ್ಚಿರುತ್ತವೆ, ಬಿಸಿಲೂ ಜಾಸ್ತಿ.

ರೈಲು ನಿಲ್ದಾಣದ ಹೊರಗೆ 10.25ಕ್ಕೆ ನಿಂತ ಗಡಿಯಾರ ಇದೆ. ಮಕ್ಕಳು ಕೆಟ್ಟಿದೆ ಅಂದುಕೊಳ್ಳುತ್ತಾರೆ. 1980ರ ಆಗಸ್ಟ್ 2ರಂದು ಅಲ್ಲಿ ಬಾಂಬ್ ಸಿಡಿದು 85 ಜನ ಸತ್ತರು, ಆ ಹೊತ್ತನ್ನು ಊರು ಹಾಗೇ ಉಳಿಸಿಕೊಂಡಿದೆ. ಕೇಳಿದ ದಿನ ಮರೆಮಾಚದೆ ಹೇಳಿ. ಈ ಊರಿನ ಮಕ್ಕಳಿಗೆ ಅದು ಗೊತ್ತು, ನಮ್ಮವರಿಗೂ ಗೊತ್ತಿರಬೇಕು.

ದಾರಿಯಲ್ಲಿ ಅಜ್ಜಿಯರು ಮಕ್ಕಳನ್ನು ನಿಲ್ಲಿಸಿ "ಕ್ವಾಂತಿ ಆನ್ನಿ ಆಯ್?" ಎನ್ನುತ್ತಾರೆ. ನಿನಗೆ ಎಷ್ಟು ವರ್ಷ ಎಂದು. ಉತ್ತರವನ್ನು ಮಗುವಿಗೇ ಬಿಡಿ, ನೀವು ನಡುವೆ ಹೋಗಬೇಡಿ.

ಡಿಸೆಂಬರ್ 21ಕ್ಕೆ ಬಿಸಿಲಿದ್ದರೆ ನಾವು ಹನ್ನೆರಡಕ್ಕೆಲ್ಲ ಸಾನ್ ಪೆತ್ರೋನಿಯೊದ ಮಕರದ ತುದಿಯಲ್ಲಿ ಕೂತಿರುತ್ತೇವೆ. ಮಕ್ಕಳನ್ನು ಕರೆದುಕೊಂಡು ಬನ್ನಿ. ಎಳ್ಳು ಬೆಲ್ಲ ನಾನು ತರುತ್ತೇನೆ.