ಪೊಸಡಿಗುಂಪೆಯ ಕಪ್ಪನ್ನು ಕಪ್ಪಾಗಿಯೇ ಬಿಟ್ಟದ್ದು

ಆಟಿ ತಿಂಗಳ, ಅಂದರೆ ಜೋರು ಮಳೆಗಾಲದ ಒಂದು ಸಂಜೆ ಕಾಸರಗೋಡಿನ ಪೊಸಡಿಗುಂಪೆ ಗುಡ್ಡೆ ಹತ್ತಿದ್ದೆ. ಮಳೆ ಬಿಟ್ಟು ಹತ್ತು ನಿಮಿಷ ಆಗಿತ್ತಷ್ಟೆ. ಪಡುವಣ ಮೋಡ ಸಣ್ಣಗೆ ಬಿರಿದು, ಅಲ್ಲಿಂದ ಇಣುಕಿದ ಬೆಳಕು ಒದ್ದೆ ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲೆ ಬಿದ್ದಿತ್ತು. ಕೆಳಗಿನ ಅಡಕೆ ತೋಟಗಳೆಲ್ಲ ಮಂಜಿನಲ್ಲಿ. ಆಕಾಶ ಸುಟ್ಟು ಬಿಳಿಯಾಗಬಾರದೆಂದು ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧಕ್ಕೆ ತಗ್ಗಿಸಿ, ಆಮೇಲೆ ತಿದ್ದಲು ಅನುಕೂಲವಾದ ರಾ ಫೈಲಿನಲ್ಲಿ ಫೋಟೊ ತೆಗೆದೆ.

ಮನೆಗೆ ಬಂದು, ಫೋಟೊ ತಿದ್ದುವ ತಂತ್ರಾಂಶ ಲೈಟ್‌ರೂಮಿನಲ್ಲಿ ನೋಡಿದರೆ ನೆಲವೆಲ್ಲ ಕಪ್ಪು. ನೆರಳು ಬೆಳಗಿಸುವ ಶ್ಯಾಡೋಸ್ ಸ್ಲೈಡರನ್ನು 80ರವರೆಗೆ ಏರಿಸಿದೆ, ಬೆಳಕಿನ ಭಾಗದ ಹೈಲೈಟ್ಸ್ ಅಷ್ಟೇ ಇಳಿಸಿದೆ, ಮಂಜು ತೆಗೆಯುವ ಡಿಹೇಜ್ ಎಳೆದೆ. ಒಂದೊಂದು ಹುಲ್ಲುಕಡ್ಡಿಯೂ ಕಂಡಿತು. ನನಗೆ ಭಾರಿ ಖುಷಿ. ಅಪ್ಪಚ್ಚಿಗೆ (ಚಿಕ್ಕಪ್ಪನಿಗೆ) ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು, “ಮಾಣೀ, ಇದು ಆಟಿಲಿ ತೆಗದ್ದೋ? ಮಳೆ ಎಲ್ಲಿದ್ದು?” ಎಂದರು.

ನಿಜ, ಮಂಜನ್ನು ಕೊಳೆಯ ಹಾಗೆ ತೊಳೆದುಬಿಟ್ಟಿದ್ದೆ. ನೆರಳು ಎತ್ತಿದ್ದಕ್ಕೆ ನೆಲ, ಆಕಾಶ ಎರಡೂ ಒಂದೇ ಬೂದಿಗೆ ಬಂದು, ಮೋಡದ ಬಿರುಕಿನ ಬೆಳಕಿಗೆ ಬೆಲೆಯೇ ಉಳಿದಿರಲಿಲ್ಲ.

ರೀಸೆಟ್ ಒತ್ತಿದೆ. ಈ ಸಲ ಸ್ಲೈಡರ್ ಮುಟ್ಟುವ ಮೊದಲು, ಯಾವುದು ಎಷ್ಟು ಕಪ್ಪಿರಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ. ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್, ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ರೂಪಿಸಿದ ಝೋನ್ ಪದ್ಧತಿಯಲ್ಲಿ 0 ಅಪ್ಪಟ ಕಪ್ಪು, 10 ಅಪ್ಪಟ ಬಿಳಿ, ನಡುವಿನ 5 ಅಂದರೆ ಶೇ. 18 ಬೆಳಕು ಮರಳಿಸುವ ಬೂದು. ಫಿಲ್ಮಿನ ಕಾಲದ ಲೆಕ್ಕ, ನನಗಂತೂ ಒದಗಿತು. ಮುರಕಲ್ಲಿಗೆ 3: ಕಪ್ಪೇ, ಆದರೆ ತೂತುಗಳು ಕಾಣಬೇಕು. ಮಂಜಿಗೆ 7. ಗುಡ್ಡೆಯ ಮಗ್ಗುಲಿನ ಪೊದೆಗಳು 1ಕ್ಕೆ ಹೋದರೆ ಹೋಗಲಿ, ಆ ಹೊತ್ತಿಗೆ ನನ್ನ ಕಣ್ಣಿಗೂ ಅಲ್ಲಿ ಏನೂ ಕಂಡಿರಲಿಲ್ಲ.

ಒದ್ದಾಡಿದ್ದು ಬಣ್ಣದ ಜೊತೆ. ಬಣ್ಣವನ್ನು ಕಿತ್ತಳೆಗೋ ನೀಲಿಗೋ ವಾಲಿಸುವ ವೈಟ್ ಬ್ಯಾಲೆನ್ಸ್ 6500 ಕೆಲ್ವಿನ್ ಇಟ್ಟರೆ ಮುರಕಲ್ಲು ಹೊಸ ಹೆಂಚಿನ ಕಿತ್ತಳೆಯಾಗುತ್ತಿತ್ತು. ನೀರು ಕುಡಿದ ಮುರ ಹಾಗಿರುವುದೇ ಇಲ್ಲ, ಕಾಫಿಗೆ ಹತ್ತಿರದ ಕೆಂಪು ಅದು. 5300ಕ್ಕೆ ಇಳಿಸಿದೆ. ಹುಲ್ಲೋ, ಪ್ಲಾಸ್ಟಿಕ್ ಚಾಪೆ! ಹಸಿರಿನ ಸ್ಲೈಡರ್ ಎಷ್ಟು ಎಳೆದರೂ ಬಗ್ಗಲಿಲ್ಲ. ನಮ್ಮ ಕಣ್ಣಿಗೆ ಹಸಿರಾದ ಹುಲ್ಲಿನಲ್ಲಿ ಹಳದಿಯೇ ಜಾಸ್ತಿ. ಹಳದಿಯ ಸ್ಯಾಚುರೇಶನ್ (ಬಣ್ಣದ ಗಾಢತೆ) ತಗ್ಗಿಸಿದ ಮೇಲೆ ದಾರಿಗೆ ಬಂತು.

ಕೊನೆಗೆ ಲೈಟ್‌ರೂಮಿನ ಬ್ರಶ್ ಹಿಡಿದು, ಕಲ್ಲಿನ ಕುಳಿಗಳಲ್ಲಿ ನಿಂತ ನೀರಿನ ಹೊಳಪನ್ನು ಮಾತ್ರ ಕಾಲು ಸ್ಟಾಪ್ ಏರಿಸಿದೆ. ಕಲ್ಲು ಒದ್ದೆಯೆಂದು ಹೇಳುವುದು ಆ ನಾಲ್ಕು ಚುಕ್ಕೆಗಳೇ.

ಮೊದಲ ಪ್ರಿಂಟ್ ಮಸಿಯ ಹಾಗೆ ಬಂತು. ತಪ್ಪು ನನ್ನದೇ: ರಾತ್ರಿ ಕತ್ತಲೆ ಕೋಣೆಯಲ್ಲಿ, ಸ್ಕ್ರೀನಿನ ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟು ತಿದ್ದಿದ್ದೆ. ಅರ್ಧಕ್ಕೆ ಇಳಿಸಿ, ಹಗಲಲ್ಲಿ ಕೂತು ಇನ್ನೊಮ್ಮೆ ಸರಿಮಾಡಿದೆ. ಎರಡನೆಯ ಪ್ರಿಂಟ್ ಈಗ ಚಾವಡಿಯ ಗೋಡೆಯಲ್ಲಿದೆ. ಅಪ್ಪಚ್ಚಿ ಸ್ವಲ್ಪ ಹೊತ್ತು ನೋಡಿ ಕೇಳಿದರು: “ಕೊಡೆ ತೆಕ್ಕೊಂಡು ಹೋಗಿತ್ತಿದ್ದೆಯೋ?”