ಲಾಯ್ಡ್ ವೆಬರ್ ಮನೆತನದ ಸಂಗೀತ: ಮಳೆಗಾಲದ ಜಗಲಿಯಲ್ಲೊಂದು ಶ್ರವಣಗೋಷ್ಠಿ ನಡೆಸುವ ಬಗೆ

ಯಕ್ಷಗಾನ ಮೇಳಗಳ ತಿರುಗಾಟ ಮುಗಿದು, ಅಡಿಕೆ ತೋಟಕ್ಕೆ ಮೊದಲ ಸುತ್ತಿನ ಬೋರ್ಡೋ ಔಷಧಿ ಹೊಡೆದಾದ ಮೇಲೆ ಶಿರಸಿ ಕಡೆಯ ಸಂಜೆಗಳಿಗೆ ಕೊಂಚ ಪುರಸೊತ್ತು ಸಿಗುತ್ತದೆ. ಊರಿನ ಹತ್ತಿಪ್ಪತ್ತು ಜನರನ್ನು ಕೂರಿಸಿ, ಬ್ರಿಟನ್ನಿನ ಆಂಡ್ರ್ಯೂ ಲಾಯ್ಡ್ ವೆಬರ್ ಅವರ ರಂಗಸಂಗೀತವನ್ನು ಒಂದೂವರೆ ತಾಸು ಕೇಳಿಸಬೇಕೆಂದಿದ್ದರೆ ಇದೇ ಸರಿಯಾದ ಹೊತ್ತು. ಪ್ರಶಸ್ತಿಗಳ ಪಟ್ಟಿ ಓದುವುದನ್ನು ಬಿಟ್ಟು ಅವರ ಮನೆಯಿಂದ ಆರಂಭಿಸಿ. ಭಾಗವತರೊಬ್ಬರ ಹೆಸರು ಕೇಳಿದೊಡನೆ ಯಾರ ಮಗ, ಯಾರ ಹತ್ತಿರ ಕಲಿತದ್ದು ಎಂದು ವಿಚಾರಿಸುವ ನಮ್ಮ ಕೇಳುಗರಿಗೆ ಆ ದಾರಿಯೇ ಪರಿಚಿತ.

1948ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆಂಡ್ರ್ಯೂ ಅವರ ತಂದೆ ವಿಲಿಯಂ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು, ಸ್ವತಃ ಸಂಯೋಜಕರು. ತಾಯಿ ಜೀನ್ ಪಿಯಾನೊ ಕಲಿಸುತ್ತಿದ್ದರು. 1951ರಲ್ಲಿ ಹುಟ್ಟಿದ ತಮ್ಮ ಜೂಲಿಯನ್, ಪಿಟೀಲಿನ ಜಾತಿಯದೇ ಆದ ಮಂದ್ರದನಿಯ ದೊಡ್ಡ ವಾದ್ಯ ಚೆಲ್ಲೊದ ವಾದಕರಾದರು. ಇಷ್ಟನ್ನು ಎರಡು ನಿಮಿಷದಲ್ಲಿ ಮುಗಿಸಿ, ಬಾಜಿಯ ಕಥೆಗೆ ಬನ್ನಿ. ಲೇಟನ್ ಓರಿಯೆಂಟ್ ಎಂಬ ಫುಟ್‌ಬಾಲ್ ತಂಡದ ಪಂದ್ಯವೊಂದರ ಮೇಲೆ ಅಣ್ಣತಮ್ಮಂದಿರು ಬಾಜಿ ಕಟ್ಟಿದ್ದರು. ಸೋತ ಅಣ್ಣ ತಮ್ಮನಿಗಾಗಿ ಚೆಲ್ಲೊ ಕೃತಿಯೊಂದನ್ನು ಬರೆಯಬೇಕಾಯಿತು. ಇಟಲಿಯ ಪಿಟೀಲು ವಾದಕ ಪಗನಿನಿ ಒಂಟಿ ಪಿಟೀಲಿಗೆ ಬರೆದ ಕಿರುಕೃತಿ 24ನೇ ಕಾಪ್ರೀಸ್‌ನ ಧಾಟಿ ಹಿಡಿದು, ಚೆಲ್ಲೊಗೆ ರಾಕ್ ವಾದ್ಯಗಳನ್ನು ಜೊತೆಗೂಡಿಸಿದ ಆ 'ವೇರಿಯೇಶನ್ಸ್' 1978ರಲ್ಲಿ ಧ್ವನಿಮುದ್ರಿಕೆಯಾಗಿ ಬಂತು.

ಇದನ್ನು ಕೇಳಿಸುವ ಮೊದಲು ಪಗನಿನಿಯ ಮೂಲ ಧಾಟಿಯನ್ನು ಬರಿಯ ಪಿಟೀಲಿನಲ್ಲಿ ಎರಡು ಸಲ, ಜನ ಗುನುಗುವಷ್ಟು, ಕೇಳಿಸಬೇಕು. ಊರಿನಲ್ಲಿ ಭಾಗವತಿಕೆ ಬಲ್ಲವರಿದ್ದರೆ ಮೋಹನ ರಾಗದ ಒಂದೇ ಎಳೆಯನ್ನು ಮದ್ದಳೆಯೊಡನೆ ಏಕತಾಳಕ್ಕೊಮ್ಮೆ, ಅಷ್ಟತಾಳಕ್ಕೊಮ್ಮೆ ಹಾಡಿಸಿ. ಧಾಟಿ ಅದೇ ಇದ್ದು ನಡೆ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಜಾಗದ ವಿಷಯದಲ್ಲಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ತಗಡಿನ ಮಾಡಿನ ಕೆಳಗೆ ಸ್ಪೀಕರ್ ಇಟ್ಟಿದ್ದೆ. ಮಳೆ ಜೋರಾದದ್ದೇ ಚೆಲ್ಲೊದ ಮಂದ್ರ ಪೂರ್ತಿ ಮುಳುಗಿಹೋಗಿ, ಮೂಲೆಯಲ್ಲಿದ್ದ ಹಿರಿಯರೊಬ್ಬರು "ಚಂಡೆ ಮಾತ್ರ ಕೇಳ್ತು ಮಾರಾಯ" ಎಂದರು. ಹೆಂಚಿನ ಮನೆಯ ಮುಚ್ಚಿಗೆ ಇರುವ ಜಗಲಿಯನ್ನೇ ಹುಡುಕಿ, ಕರೆಂಟನ್ನು ನಂಬದೆ ಸ್ಪೀಕರನ್ನು ಮಧ್ಯಾಹ್ನವೇ ಚಾರ್ಜ್ ಮಾಡಿಡಿ.

ವೃತ್ತಿಜೀವನವನ್ನು ಹೇಳುವಾಗ ಪದ ಮೊದಲೋ ಧಾಟಿ ಮೊದಲೋ ಎಂಬ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಳ್ಳಿ. ಟಿಮ್ ರೈಸ್ ಅವರ ಸಾಹಿತ್ಯದೊಡನೆ 1968ರಲ್ಲಿ ಶಾಲೆಯೊಂದಕ್ಕೆ ಮಾಡಿದ್ದು ಸುಮಾರು ಕಾಲು ತಾಸಿನ ಕೃತಿ. ಅದೇ ಜೋಡಿಯ 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್' 1970ರಲ್ಲಿ ಮೊದಲು ಧ್ವನಿಮುದ್ರಿಕೆಯಾಗಿ ಬಂದು, ಮರುವರ್ಷ ರಂಗಕ್ಕೇರಿತು. 1981ರ 'ಕ್ಯಾಟ್ಸ್' ಹೊತ್ತಿಗೆ ಪರಿಸ್ಥಿತಿ ನಮ್ಮ ಪ್ರಸಂಗಗಳ ಹಾಗೆ: ಕವಿ ಟಿ.ಎಸ್. ಎಲಿಯಟ್ 1939ರಲ್ಲೇ ಪ್ರಕಟಿಸಿದ್ದ ಪದ್ಯಗಳು ಸಿದ್ಧವಾಗಿದ್ದವು, ಸಂಯೋಜಕ ಅವುಗಳ ಛಂದಸ್ಸಿಗೆ ತಲೆಬಾಗಬೇಕಿತ್ತು. ಇಲ್ಲಿಂದ ಎರಡು ಹಾಡು ಕೇಳಿಸಿ, ಚರ್ಚೆಗೆ ಬಿಡಿ. ಗೋಷ್ಠಿಯ ಜೀವ ಇರುವುದು ಇಲ್ಲೇ. 1986ರ 'ದಿ ಫ್ಯಾಂಟಮ್ ಆಫ್ ದಿ ಆಪೆರಾ' 1988ರಿಂದ 2023ರವರೆಗೆ ನ್ಯೂಯಾರ್ಕಿನ ರಂಗಮಂದಿರಗಳ ಕೇರಿ ಬ್ರಾಡ್‌ವೇಯಲ್ಲಿ 13,981 ಪ್ರದರ್ಶನ ಕಂಡಿತೆಂದು ಒಂದೇ ಮಾತಿನಲ್ಲಿ ಹೇಳಿದರೆ ಸಾಕು. ಎ.ಆರ್. ರೆಹಮಾನರ ಸಂಗೀತದ 'ಬಾಂಬೆ ಡ್ರೀಮ್ಸ್' ಅನ್ನು 2002ರಲ್ಲಿ ಲಂಡನ್ನಿನ ರಂಗಕ್ಕೆ ತಂದ ನಿರ್ಮಾಪಕರೂ ಇವರೇ ಎಂದರೆ ಹುಡುಗರು ಫೋನಿನಿಂದ ತಲೆ ಎತ್ತುತ್ತಾರೆ.

ಕೊನೆಗೆ ಮತ್ತೆ ಮನೆಗೆ ಬನ್ನಿ. ತಂದೆ ವಿಲಿಯಂ 1982ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಮಗ ಬರೆದ ಲ್ಯಾಟಿನ್ ಪ್ರಾರ್ಥನಾಗೀತ 'ರಿಕ್ವಿಯೆಮ್' 1985ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಬಾರಿ ಹಾಡಲ್ಪಟ್ಟಿತು. ಅದರ 'ಪಿಯೆ ಯೇಸು' ಭಾಗದಲ್ಲಿ, ಆಗ ಅವರ ಪತ್ನಿಯಾಗಿದ್ದ ಸಾರಾ ಬ್ರೈಟ್‌ಮನ್ ಅವರ ದನಿಗೆ ಹುಡುಗನೊಬ್ಬನ ದನಿ ಬಂದು ಸೇರುತ್ತದೆ. ಕಷಾಯವನ್ನು ಅದಕ್ಕೂ ಮೊದಲೇ ಹಂಚಿ, ಲೋಟಗಳನ್ನು ಒಳಗೆ ತರಿಸಿಬಿಡಿ. ಆ ಎಳೆಯ ಸ್ವರ ಏರುವಾಗ ಸ್ಟೀಲಿನ ಸದ್ದು ನಡುವೆ ಬರಬಾರದು.